ಅಂಕ ಬಂದರಷ್ಟೇ ಸಾಕೆ? ಮನಸ್ಸೂ ಪಳಗಬೇಕು

ಎರಡು ವರ್ಷದ ಹಿಂದೆ, ಹೆಸರು ಬಿಡಿಸುವ ದಿನಗಳಲ್ಲಿ, ಕುಬಿಹಾಳದ ರೈತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದರು. ಹುಡುಗನಿಗೆ 22 ವರ್ಷ. ಹೊಟ್ಟೆಯುರಿ, ಊಟ ಸೇರುವುದಿಲ್ಲ, ರಾತ್ರಿ ನಿದ್ದೆಯಿಲ್ಲ, ಎದೆ ಡವಡವ ಹೊಡೆದುಕೊಳ್ಳುತ್ತದೆ ಎಂಬ ದೂರು. ದೂರು ಹೇಳಿದ್ದೆಲ್ಲ ತಂದೆಯೇ; ಹುಡುಗ ನೆಲ ನೋಡುತ್ತ ಕುಳಿತಿದ್ದ. ‘ಬೆಂಗಳೂರಾಗ ನೌಕರಿ ಇತ್ರೀ ಸಾಹೇಬ್ರ. ಮೂರ ತಿಂಗಳಿಗೆ ಬಿಟ್ಟು ಬಂದಾನ. ಹೊಟ್ಯಾಗ ಏನರ ಆಗೇತೇನು ನೋಡ್ರಿ’ ಎಂದರು.

ನಾನೂ ಹೊಟ್ಟೆಯನ್ನೇ ನೋಡಿದೆ. ಆಮ್ಲ ಕಡಿಮೆ ಮಾಡುವ ಗುಳಿಗೆ ಬರೆದುಕೊಟ್ಟೆ. ವಾರ ಬಿಟ್ಟು ಬಂದಾಗ ಗುಳಿಗೆ ಬದಲಿಸಿದೆ. ರಕ್ತ ಪರೀಕ್ಷೆ, ಥೈರಾಯ್ಡ್, ಇ.ಸಿ.ಜಿ. ಮಾಡಿಸಿದ್ದಾಯಿತು, ಹುಬ್ಬಳ್ಳಿಗೆ ಕಳಿಸಿ ಹೊಟ್ಟೆಯ ಸ್ಕ್ಯಾನಿಂಗ್ ಕೂಡ ಆಯಿತು. ಎಲ್ಲವೂ ಸರಿಯಾಗಿತ್ತು. ತಂದೆಗೆ ಖರ್ಚಾಯಿತೇ ಹೊರತು ಮಗನಿಗೆ ಗುಣವಾಗಲಿಲ್ಲ. ನಾಲ್ಕನೆಯ ಸಲ ಬಂದಾಗ ನನಗೆ ಬುದ್ಧಿ ಬಂತು. ತಂದೆಯನ್ನು ‘ಚಹಾ ಕುಡಿದು ಬರ್ರಿ’ ಎಂದು ಹೊರಗೆ ಕಳಿಸಿ ಹುಡುಗನನ್ನು ಕೇಳಿದೆ. ಮೊದಲನೆಯ ದಿನವೇ ಮಾಡಬೇಕಾಗಿದ್ದ ಕೆಲಸ ಅದು.

ಹುಡುಗ ಹೇಳಿದ್ದು ಇಷ್ಟು. ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ಬಂದಿದ್ದವು, ಸಂದರ್ಶನದಲ್ಲಿ ಮೊದಲ ಸಲಕ್ಕೇ ಆಯ್ಕೆಯಾದ. ಕೆಲಸಕ್ಕೆ ಸೇರಿದ ಮೇಲೆ ಮೇಲಿನವರು ಏನಾದರೂ ವಿವರಿಸಿ ‘ತಿಳಿಯಿತಾ?’ ಎಂದು ಕೇಳಿದರೆ ‘ಹೌದು ಸರ್’ ಅನ್ನುತ್ತಿದ್ದ. ತಿಳಿದಿರುತ್ತಿರಲಿಲ್ಲ. ಪಕ್ಕದವರನ್ನು ಕೇಳಲು ನಾಚಿಕೆ. ಒಂದು ದಿನ ಲೆಕ್ಕದಲ್ಲಿ ತಪ್ಪಾಗಿ, ಹತ್ತು ಜನರೆದುರು ಬೈಸಿಕೊಂಡ. ಅಂದು ರಾತ್ರಿ ಊಟ ಗಂಟಲಲ್ಲಿ ಇಳಿಯಲಿಲ್ಲ. ಮರುದಿನದಿಂದ ಕೆಲಸದ ಕಟ್ಟಡ ಕಂಡರೆ ಸಾಕು, ಹೊಟ್ಟೆ ಹಿಂಡಿದಂತಾಗುತ್ತಿತ್ತು. ಕೊನೆಗೆ ಯಾರಿಗೂ ಹೇಳದೆ ರೈಲು ಹತ್ತಿ ಬಂದುಬಿಟ್ಟ.

‘ಗೊತ್ತಾಗಲಿಲ್ಲ ಅಂತ ಯಾಕ ಹೇಳಲಿಲ್ಲಪ್ಪಾ?’ ಎಂದೆ.

‘ದಡ್ಡ ಅಂತಾರಲ್ರೀ’ ಎಂದ. ‘ಸಾಲ್ಯಾಗ ಹಂಗಂದ್ರ ಏಟು ಬೀಳ್ತಿದ್ದು. ಮನ್ಯಾಗ ಅಪ್ಪ, ಇಷ್ಟು ರೊಕ್ಕಾ ಸುರುವಿದ್ದಕ್ಕ ಇದನ್ನ ಕಲ್ತಿಯೇನು ಅಂತಿದ್ದ.’

ತಂದೆ ಮಗ ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲಿಯೂ ಹತ್ತನೆಯ ತರಗತಿಯ ಮಗಳೋ ಪಿಯುಸಿಯ ಮಗನೋ ಇರಬಹುದು. ಅವರ ಅಂಕಪಟ್ಟಿಯ ಬಗೆಗೆ ನೀವು ಪಡುವ ಕಾಳಜಿಯಲ್ಲಿ ಕಾಲು ಭಾಗವನ್ನಾದರೂ ಈ ವಿಷಯಕ್ಕೆ ತೆಗೆದಿಡಿ ಎಂದು ಕೇಳಿಕೊಳ್ಳುವುದಕ್ಕಾಗಿಯೇ ಈ ವಾರದ ಲೇಖನ.

ಏನಿದು ಭಾವನಾತ್ಮಕ ಬುದ್ಧಿಮತ್ತೆ?

ತನ್ನ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಗುರುತಿಸುವುದು, ಎದುರಿಗಿದ್ದವರ ಮನಸ್ಸನ್ನು ಊಹಿಸುವುದು, ಸಿಟ್ಟು-ಅಂಜಿಕೆಗಳು ಬಂದಾಗಲೂ ಮಾಡಬೇಕಾದ ಕೆಲಸವನ್ನು ಕೈಬಿಡದಿರುವುದು, ಇವೆಲ್ಲ ಸೇರಿದ ಸಾಮರ್ಥ್ಯಕ್ಕೆ ಮನೋವಿಜ್ಞಾನಿಗಳು ಭಾವನಾತ್ಮಕ ಬುದ್ಧಿಮತ್ತೆ ಎನ್ನುತ್ತಾರೆ. ಅಮೆರಿಕದ ಪೀಟರ್ ಸಾಲೊವಿ ಮತ್ತು ಜಾನ್ ಮೇಯರ್ ಎಂಬಿಬ್ಬರು 1990ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಎಂಬ ಪತ್ರಕರ್ತರ ಪುಸ್ತಕದಿಂದ ಈ ಮಾತು ಜಗತ್ತಿಗೆಲ್ಲ ಹರಡಿತು. ಪುಸ್ತಕ ಹೆಸರು ಮಾಡಿದ ಮೇಲೆ, ಬುದ್ಧಿಗಿಂತ ಇದೇ ಮುಖ್ಯ, ಇದೊಂದಿದ್ದರೆ ಸಾಕು ಎನ್ನುವವರೂ ಹುಟ್ಟಿಕೊಂಡರು. ಅದನ್ನು ನಾನು ಒಪ್ಪುವುದಿಲ್ಲ. ಗಣಿತ ಬಾರದ ಎಂಜಿನಿಯರನೂ ಅಂಗರಚನೆ ಓದದ ವೈದ್ಯನೂ ಎಷ್ಟು ಸಮಾಧಾನಿಗಳಾದರೂ ಅಪಾಯಕಾರಿಗಳೇ. ವಿದ್ಯೆ ಬೇಕೇ ಬೇಕು. ಆದರೆ ಕಲಿತ ವಿದ್ಯೆ ಬೇಕಾದ ಹೊತ್ತಿಗೆ ಕೈಗೆ ಬರಬೇಕಾದರೆ ಮನಸ್ಸು ಬಿಟ್ಟುಕೊಡಬೇಕಲ್ಲ!

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿಯೇ ಶಾಲೆಯ ಮಕ್ಕಳಿಗೆ ಕಲಿಸಬೇಕಾದ ಹತ್ತು ಜೀವನ ಕೌಶಲಗಳನ್ನು ಹೇಳಿತು. ಅದರಲ್ಲಿ ತನ್ನನ್ನು ತಾನು ಅರಿಯುವುದು, ಇತರರ ನೋವು ತಿಳಿಯುವುದು, ಒತ್ತಡ ಮತ್ತು ಭಾವನೆಗಳನ್ನು ನಿಭಾಯಿಸುವುದು ಸೇರಿವೆ. ಇಂಥ ಪಾಠಗಳಿಂದ ಓದಿಗೆ ನಷ್ಟವಾಗುತ್ತದೆಯೇ? 2011ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಇಂಥ 213 ಶಾಲಾ ಕಾರ್ಯಕ್ರಮಗಳನ್ನೂ ಅವುಗಳಲ್ಲಿದ್ದ 2 ಲಕ್ಷ 70 ಸಾವಿರ ಮಕ್ಕಳನ್ನೂ ಒಟ್ಟುಗೂಡಿಸಿ ನೋಡಿದ್ದರು. ಆ ಮಕ್ಕಳ ನಡತೆ ಸುಧಾರಿಸಿದ್ದಲ್ಲದೆ ಓದಿನಲ್ಲಿಯೂ ಅವರು ಉಳಿದವರಿಗಿಂತ ಮುಂದಿದ್ದರು.

ಇನ್ನು ಮುಂದಿನ ಕಾಲದ ನೌಕರಿಯ ಮಾತು. ವರ್ಲ್ಡ್ ಎಕನಾಮಿಕ್ ಫೋರಂ 2025ರಲ್ಲಿ ಹೊರತಂದ ವರದಿಯ ಪ್ರಕಾರ, 2030ರ ಹೊತ್ತಿಗೆ ಕೆಲಸಗಾರರ ಈಗಿನ ಕೌಶಲಗಳಲ್ಲಿ ಶೇಕಡಾ 39ರಷ್ಟು ಬದಲಾಗುತ್ತವೆ ಅಥವಾ ಹಳತಾಗುತ್ತವೆ ಎಂದು ಉದ್ಯೋಗದಾತರು ನಿರೀಕ್ಷಿಸುತ್ತಾರೆ. ಅವರು ಕೆಲಸಗಾರರಲ್ಲಿ ಬಯಸುವ ಗುಣಗಳ ಪಟ್ಟಿಯಲ್ಲಿ ವಿಶ್ಲೇಷಣೆಯ ಶಕ್ತಿಯ ಬೆನ್ನಿಗೇ ಬರುವುದು ಪೆಟ್ಟು ತಿಂದರೂ ಮತ್ತೆ ಏಳುವ, ಬದಲಾವಣೆಗೆ ಒಗ್ಗಿಕೊಳ್ಳುವ ಗುಣ. ಅಂದರೆ ನಿಮ್ಮ ಮಗ ಇಂದು ಕಲಿತದ್ದನ್ನು ಮೂವತ್ತನೆಯ ವಯಸ್ಸಿನಲ್ಲಿ ಮತ್ತೆ ಹೊಸದಾಗಿ ಕಲಿಯಬೇಕಾಗುತ್ತದೆ, ಬಹುಶಃ ತನಗಿಂತ ಚಿಕ್ಕವರಿಂದ. ‘ನನಗೆ ಗೊತ್ತಿಲ್ಲ, ತೋರಿಸಿ’ ಎನ್ನಲು ಬಾರದವನಿಗೆ ಅದು ಕಷ್ಟ.

ಹೊಟ್ಟೆಗೂ ಮನಸ್ಸಿಗೂ ಏನು ನಂಟು?

ಮೆದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಚಿಕ್ಕ ಭಾಗವಿದೆ. ಹೊಲದಲ್ಲಿ ಹಾವು ಕಂಡ ಕೂಡಲೇ ಕಾಲು ತಾನಾಗಿ ಹಿಂದೆ ಸರಿಯುತ್ತದಲ್ಲ, ಅದರಲ್ಲಿ ಇದರ ಪಾತ್ರ ದೊಡ್ಡದು. ಅಪಾಯದ ಸುಳಿವು ಸಿಕ್ಕರೆ ಇದು ಕೂಗು ಹಾಕುತ್ತದೆ. ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಜೀರ್ಣಕ್ರಿಯೆ ಏರುಪೇರಾಗುತ್ತದೆ. ಓಡಿಹೋಗಲು ಇಲ್ಲವೇ ಹೊಡೆದಾಡಲು ಶರೀರ ಸಿದ್ಧವಾಗುತ್ತದೆ. ತೊಂದರೆಯೆಂದರೆ, ಹಾವಿಗೂ ಹತ್ತು ಜನರೆದುರಿನ ಅವಮಾನಕ್ಕೂ ಶರೀರ ಹೆಚ್ಚಿನ ಭೇದ ಮಾಡುವುದಿಲ್ಲ. ಹಾವು ಹರಿದುಹೋಗುತ್ತದೆ, ಮೇಲಧಿಕಾರಿ ದಿನಾಲೂ ಇರುತ್ತಾನೆ. ಹೀಗಾಗಿ ಆ ಹುಡುಗನ ಹೊಟ್ಟೆಯುರಿ ನಾಟಕವಾಗಿರಲಿಲ್ಲ. ಪರೀಕ್ಷೆಗಳು ಸರಿಯಿದ್ದವು ಎಂದ ಮಾತ್ರಕ್ಕೆ ನೋವು ಸುಳ್ಳಲ್ಲ.

ಈ ಕೂಗನ್ನು ಕೇಳಿ, ‘ತಡಿ, ಇದು ಹಾವಲ್ಲ’ ಎಂದು ಸಮಾಧಾನ ಹೇಳುವ ಭಾಗ ಹಣೆಯ ಹಿಂದಿರುವ ಮುಮ್ಮೆದುಳು. ಅದು ಪೂರ್ತಿ ಪಕ್ವವಾಗಲು ಸುಮಾರು 25 ವರ್ಷ ಬೇಕು. ಹದಿನಾರರ ಮಕ್ಕಳು ಸಿಟ್ಟಿನಲ್ಲಿ ಬಾಗಿಲು ಬಡಿಯುವುದು ಕೊಬ್ಬಿನಿಂದಲೇ ಎಂದು ತಿಳಿಯಬೇಡಿ. ಎತ್ತು ಬಲಿತಿದೆ, ಹಗ್ಗ ಇನ್ನೂ ಹೊಸೆಯುತ್ತಿದ್ದಾರೆ, ಅಷ್ಟೇ. ಈ ವಯಸ್ಸಿನಲ್ಲಿ ಮನೆಯ ಹಿರಿಯರೇ ಅವರ ಪಾಲಿನ ಮುಮ್ಮೆದುಳು. ಮಗ ಕೂಗಿದಾಗ ನೀವೂ ಕೂಗಿದರೆ ಅಲ್ಲಿ ಎರಡು ಅಮಿಗ್ಡಲಾಗಳು ಕಾದಾಡುತ್ತವೆ, ಬುದ್ಧಿ ಹೇಳಲು ಯಾರೂ ಉಳಿಯುವುದಿಲ್ಲ.

ನಮ್ಮ ಕುಂದಗೋಳದಲ್ಲಿ ನಡೆದದ್ದು

ಪ್ರತಿಭೆ ಬೆಳೆಸುವುದೆಂದರೆ ಏನು ಎಂದು ತಿಳಿಯಲು ಅಮೆರಿಕದ ಪುಸ್ತಕವೇ ಬೇಕಾಗಿಲ್ಲ. ಕುಬಿಹಾಳ ಇರುವುದು ಕುಂದಗೋಳ ತಾಲೂಕಿನಲ್ಲಿ. ಹಿಂದೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳದಲ್ಲಿ 1886ರಲ್ಲಿ ಹುಟ್ಟಿದ ರಾಮಭಾವು ಕುಂದಗೋಳಕರ ಅವರು ಸವಾಯಿ ಗಂಧರ್ವರೆಂದು ಪ್ರಸಿದ್ಧರಾದರು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಅವರ ಬಳಿ ಕಲಿತವರಲ್ಲಿ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್ ಮುಂತಾದವರಿದ್ದಾರೆ. ನಮ್ಮ ಕಡೆಯ ಹಿರಿಯರು ಈ ಕಥೆಗಳನ್ನು ಸಂಗೀತದ ಕಥೆಯೆಂದು ಹೇಳುತ್ತಾರೆ. ನಾನು ವೈದ್ಯ, ನನಗೆ ಅವು ಪಾಲಕರ ಕಥೆಯಾಗಿಯೂ ಕಾಣುತ್ತವೆ.

ಭೀಮಸೇನ ಜೋಶಿಯವರು ಹುಟ್ಟಿದ್ದು 1922ರಲ್ಲಿ, ರೋಣದಲ್ಲಿ. ತಂದೆ ಗುರುರಾಜಾಚಾರ್ಯ ಜೋಶಿ ಶಾಲಾ ಮಾಸ್ತರರು. ಚಿಕ್ಕ ಹುಡುಗನಿಗೆ ಎಲ್ಲಿ ಭಜನೆ ಕೇಳಿಸಿದರೂ, ಎಲ್ಲಿ ಬಾಜಾಬಜಂತ್ರಿಯ ಮೆರವಣಿಗೆ ಹೊರಟರೂ ಅದರ ಹಿಂದೆ ಹೋಗುವ ಹುಚ್ಚು. ದಣಿದರೆ ಹೋದಲ್ಲಿಯೇ ಮಲಗಿಬಿಡುತ್ತಿದ್ದ. ಮನೆಯವರು ಹುಡುಕಿ ಹುಡುಕಿ ಪೊಲೀಸರವರೆಗೂ ಹೋಗಬೇಕಾಗುತ್ತಿತ್ತು. ಕೊನೆಗೆ ತಂದೆ ಒಂದು ಉಪಾಯ ಹೂಡಿದರು: ಮಗನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಸಿಕ್ಕವರು ಓದಿಕೊಂಡು ಹುಡುಗನನ್ನು ಮನೆಗೆ ತಂದು ಮುಟ್ಟಿಸುತ್ತಿದ್ದರು.

ಓದುಗರೇ, ಇದನ್ನು ಸ್ವಲ್ಪ ವಿಚಾರ ಮಾಡಿ. ಮಗ ದಾರಿ ತಪ್ಪುತ್ತಾನೆ ಎಂದರೆ ನಾವು ಸಾಮಾನ್ಯವಾಗಿ ಮಾಡುವುದು ಎರಡರಲ್ಲಿ ಒಂದು. ಕಾಲು ಮುರಿಯುತ್ತೇನೆ ಎಂದು ಹೆದರಿಸಿ ಕಟ್ಟಿಹಾಕುತ್ತೇವೆ. ಇಲ್ಲವೇ ಹಾಳಾಗಿ ಹೋಗಲಿ ಎಂದು ಕೈಬಿಡುತ್ತೇವೆ. ಅಂಗಿಯ ಮೇಲೆ ಹೆಸರು ಬರೆದ ತಂದೆ ಈ ಎರಡನ್ನೂ ಮಾಡಲಿಲ್ಲ. ನೀನು ಹೋಗು, ಆದರೆ ತಿರುಗಿ ಬರುವ ದಾರಿ ಇರಲಿ, ಎಂಬ ಅರ್ಥ ಆ ಬರಹದಲ್ಲಿದೆ. ಮಗುವಿನ ಒಲವನ್ನು ಹೊಸಕದೆ ಅದರ ಅಪಾಯವನ್ನಷ್ಟೇ ಕಡಿಮೆ ಮಾಡುವ ಇಂಥ ಜಾಣತನವನ್ನು ನಾನು ಬಹಳ ಕಡಿಮೆ ಮನೆಗಳಲ್ಲಿ ಕಂಡಿದ್ದೇನೆ. ನನ್ನ ಮನೆಯಲ್ಲಿಯೂ ಯಾವಾಗಲೂ ಇರುತ್ತದೆ ಎಂದು ಹೇಳಲಾರೆ.

ಆ ಮನೆಯಲ್ಲಿ ಎಲ್ಲವೂ ಸುಸೂತ್ರವಾಗಿತ್ತು ಎಂದಲ್ಲ. ಹದಿನಾರು ಮಕ್ಕಳಲ್ಲಿ ಭೀಮಸೇನರೇ ಹಿರಿಯರು. ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಬೀಳಲಿಲ್ಲ ಎಂದು ಮುನಿಸಿಕೊಂಡು ಮನೆ ಬಿಟ್ಟರು ಎಂಬ ಮಾತು ನಮ್ಮಲ್ಲಿ ಪ್ರಚಲಿತವಿದೆ. ತುಪ್ಪ ನೆಪ; ಒಳಗೆ ಕುದಿಯುತ್ತಿದ್ದುದು ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿದಂದಿನಿಂದ ಹಿಡಿದ ಸಂಗೀತದ ಹುಚ್ಚು. ಅದು 1933, ವಯಸ್ಸು ಹನ್ನೊಂದು. ಗುರುವನ್ನು ಹುಡುಕುತ್ತ ಗ್ವಾಲಿಯರ್, ಕಲಕತ್ತಾ, ದಿಲ್ಲಿ ಎಂದು ಅಲೆದಾಡಿ ಕೊನೆಗೆ ಪಂಜಾಬಿನ ಜಲಂಧರದಲ್ಲಿದ್ದಾಗ ತಂದೆ ಹುಡುಕಿಕೊಂಡು ಹೋಗಿ ಊರಿಗೆ ಕರೆತಂದರು. ಹಾಗೆ ಬಂದ ಹುಡುಗನನ್ನು ಶಾಲೆಯ ಬೆಂಚಿಗೆ ಕಟ್ಟಿಹಾಕಲಿಲ್ಲ. 1936ರಲ್ಲಿ ಹುಡುಗ ಕುಂದಗೋಳದ ಗುರುಗಳ ಮನೆ ಸೇರಿದ. ಊರೂರು ಅಲೆದು ಹುಡುಕಿದ್ದು ಮನೆಯ ಹತ್ತಿರವೇ ಇತ್ತು.

ಅಲ್ಲಿ ನೀರು ಹೊರುವುದು, ಮನೆಗೆಲಸ ಮಾಡುವುದು ಮೊದಲು, ಪಾಠ ಆಮೇಲೆ. 1940ರವರೆಗೆ ಆ ಮನೆಯಲ್ಲಿ ಕಲಿತದ್ದು ರಾಶಿ ರಾಶಿ ರಾಗಗಳನ್ನಲ್ಲ. ತೋಡಿ, ಮುಲ್ತಾನಿ, ಪೂರಿಯಾ ಎಂಬ ಕೆಲವೇ ರಾಗಗಳನ್ನು ಮತ್ತೆ ಮತ್ತೆ ತಿದ್ದಿಸಿಕೊಂಡದ್ದು. 1941ರಲ್ಲಿ, 19ನೆಯ ವಯಸ್ಸಿನಲ್ಲಿ, ಮೊದಲ ಕಛೇರಿ. 2008ರಲ್ಲಿ ಭಾರತರತ್ನ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ನೀರು ಹೊರಿಸಿದ್ದರಿಂದಲೇ ಅವರು ದೊಡ್ಡವರಾದರು, ನಮ್ಮ ಮಕ್ಕಳಿಗೂ ಕಷ್ಟ ಕೊಟ್ಟರೆ ಸರಿಹೋದಾರು ಎಂದು ವಾದಿಸುವ ಹಿರಿಯರಿದ್ದಾರೆ. ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ ಎಲ್ಲ ಹುಡುಗರ ಕಥೆ ನಮಗೆ ಗೊತ್ತಿಲ್ಲ. ಗೆದ್ದವರ ಕಥೆಯನ್ನಷ್ಟೇ ಜನ ಹೇಳುತ್ತಾರೆ. ಹೊಡೆತ, ಹೀಯಾಳಿಕೆಗಳಿಂದ ಮಕ್ಕಳಿಗೆ ಒಳ್ಳೆಯದಾಗುವುದಿಲ್ಲ, ಕೆಡುಕೇ ಹೆಚ್ಚು ಎಂಬುದು ವೈದ್ಯಕೀಯವಾಗಿ ಸ್ಪಷ್ಟವಾಗಿದೆ. ಕುಂದಗೋಳದ ಮನೆಯಲ್ಲಿ ಇದ್ದ ಬೆಲೆಬಾಳುವ ವಸ್ತು ಬೇರೆ. ಗುರುಗಳು ಕಟ್ಟುನಿಟ್ಟಿನವರು. ಆದರೆ ಇಂದು ತಪ್ಪಿದ ಸ್ವರವನ್ನು ಮತ್ತೆ ಹಚ್ಚಲು ನಾಳೆ ಬೆಳಿಗ್ಗೆ ಇದ್ದೇ ಇರುತ್ತಿತ್ತು. ದಿನಾಲೂ ತಪ್ಪುವುದು, ದಿನಾಲೂ ತಿದ್ದಿಸಿಕೊಳ್ಳುವುದು. ಇದರಲ್ಲಿ ಪಳಗಿದವನಿಗೆ ತಿದ್ದಿಸಿಕೊಳ್ಳುವುದು ಅವಮಾನವಾಗಿ ಉಳಿಯುವುದಿಲ್ಲ. ನಮ್ಮ ಕುಬಿಹಾಳದ ಹುಡುಗ ಹದಿನೈದು ವರ್ಷ ಶಾಲೆ-ಕಾಲೇಜು ಮಾಡಿದ್ದರೂ ಇದೊಂದನ್ನು ಒಂದು ದಿನವೂ ಕಲಿತಿರಲಿಲ್ಲ. ಅವನ ಪಾಲಿಗೆ ತಪ್ಪು ಎಂದರೆ ಮುಚ್ಚಿಡಬೇಕಾದ ವಸ್ತು.

ಗಂಗೂಬಾಯಿ ಹಾನಗಲ್ಲರ ಕಥೆಯಲ್ಲಿ ಇನ್ನೊಂದು ಮುಖವಿದೆ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರಿಗೆ ಸಿಕ್ಕ ಶಾಲೆ ಐದನೆಯ ಇಯತ್ತೆಯವರೆಗೆ ಮಾತ್ರ. ಹಾಡುವ ಮನೆತನದ ಹುಡುಗಿಯೆಂದು ಬೀದಿಯಲ್ಲಿ ಹೀಯಾಳಿಸುತ್ತಿದ್ದರು. ಜಾತಿಯ ಅವಮಾನ ಬೇರೆ. ತಾಯಿ ಅಂಬಾಬಾಯಿ ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯಲಿ ಎಂದು 1928ರಲ್ಲಿ ಇಡೀ ಸಂಸಾರವೇ ಹುಬ್ಬಳ್ಳಿಗೆ ಬಂತು. ಮುಂದೆ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಮರಳುತ್ತಿದ್ದರು. ಆಮೇಲೆ ಗಂಟಲಿನ ತೊಂದರೆ, ಅದರ ಚಿಕಿತ್ಸೆ. ಅದರಿಂದ ತೆಳುವಾಗಿದ್ದ ಧ್ವನಿ ಗಂಡುಧ್ವನಿಯಂತೆ ಭಾರವಾಯಿತು. ಗಾಯಕಿಗೆ ಧ್ವನಿಯೇ ಬದಲಾದರೆ ಉಳಿದದ್ದೇನು? ಹೊಸ ಧ್ವನಿಯನ್ನು ಅವರು ಮತ್ತೆ ದುಡಿಸಿದರು. ಜಗತ್ತು ಗುರುತಿಸಿದ್ದು ಆ ಧ್ವನಿಯನ್ನೇ. 2002ರಲ್ಲಿ ಪದ್ಮವಿಭೂಷಣ ಬಂತು. ಅಸ್ಥಿಮಜ್ಜೆಯ ಕ್ಯಾನ್ಸರನ್ನೂ ದಾಟಿ, 2009ರ ಜುಲೈ 21ರಂದು 96ನೆಯ ವಯಸ್ಸಿನಲ್ಲಿ ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದ್ದರು. ಅವಮಾನವನ್ನು ಅವರು ಮರೆತಿರಲಿಲ್ಲ, ಹೇಳುತ್ತಿದ್ದರು. ಹೇಳಿಕೊಳ್ಳಲು ಬರುವುದೂ ಒಂದು ಶಕ್ತಿ.

ನನ್ನದೇ ಒಂದು ತಪ್ಪು

ಈ ಪಾಠದಲ್ಲಿ ನಾನೂ ಹಿಂದುಳಿದವನೇ. ಎಂ.ಬಿ.ಬಿ.ಎಸ್. ಮುಗಿಸಿ ಇಂಟರ್ನ್‌ಶಿಪ್ ಮಾಡುವಾಗ ಒಂದು ರಾತ್ರಿ ರೋಗಿಯೊಬ್ಬರು ತೀರಿಕೊಂಡರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಅವರ ಹೆಂಡತಿಗೆ ಸುದ್ದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ನಿಂತುಕೊಂಡೇ, ಕೈಯಲ್ಲಿದ್ದ ಕಾಗದ ನೋಡುತ್ತ, ಯಾವ ಅಂಗ ಏಕೆ ನಿಂತಿತು ಎಂದು ಇಂಗ್ಲಿಷ್ ಶಬ್ದಗಳಲ್ಲಿ ವಿವರಿಸಿದೆ. ಆ ತಾಯಿ ಎಲ್ಲವನ್ನೂ ಕೇಳಿ, ‘ಹಂಗಾರ ಈಗ ಚಹಾ ಕೊಡಬಹುದೇನ್ರಿ ಅವರಿಗೆ?’ ಎಂದರು. ನನ್ನ ವಿವರಣೆಯಲ್ಲಿ ಸಾವು ಎಂಬ ಮಾತೇ ಬಂದಿರಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಆ ಪ್ರಶ್ನೆ ನೆನಪಾದರೆ ಕಸಿವಿಸಿಯಾಗುತ್ತದೆ.

ಆ ಕಾಲದಲ್ಲಿ ಇದನ್ನು ಯಾರೂ ನಮಗೆ ಪಾಠವೆಂದು ಕಲಿಸುತ್ತಿರಲಿಲ್ಲ. 2019ರಲ್ಲಿ ಬದಲಾದ ವೈದ್ಯಕೀಯ ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಮತ್ತು ಸಂವಹನ ಎಂಬ ಭಾಗವನ್ನು ದೇಶದ ಎಲ್ಲ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಸೇರಿಸಿದ್ದಾರೆ. ಕೆಟ್ಟ ಸುದ್ದಿ ಹೇಗೆ ಹೇಳಬೇಕು, ರೋಗಿಯ ಮಾತು ಹೇಗೆ ಕೇಳಬೇಕು ಎಂಬುದನ್ನೂ ಈಗ ಕಲಿಸುತ್ತಾರೆ. ತಡವಾದರೂ ಒಳ್ಳೆಯದೇ ಆಯಿತು.

ಮನೆಯಲ್ಲಿ ಏನು ಮಾಡಬಹುದು?

ಮೊದಲು ಭಾವನೆಗಳಿಗೆ ಹೆಸರು ಕೊಡುವುದನ್ನು ಕಲಿಸಿ. ನಮ್ಮ ಕಡೆ ಎಲ್ಲಕ್ಕೂ ಒಂದೇ ಮಾತು, ‘ಬ್ಯಾಸರ’. ನಾಪಾಸಾದರೂ ಬ್ಯಾಸರ, ಗೆಳೆಯ ಮಾತು ಬಿಟ್ಟರೂ ಬ್ಯಾಸರ, ಅಜ್ಜಿ ಸತ್ತರೂ ಬ್ಯಾಸರ. ಕನ್ನಡದಲ್ಲಿ ಶಬ್ದಗಳಿಗೇನು ಬರವೇ? ಅಂಜಿಕೆ, ನಾಚಿಕೆ, ಹಳಹಳಿ, ಕಸಿವಿಸಿ, ಮುಜುಗರ, ಹೊಟ್ಟೆಕಿಚ್ಚು, ಸಂಕಟ ಎಲ್ಲ ಇವೆ. ಮಗಳು ಶಾಲೆಯಿಂದ ಬಂದು ಚೀಲ ಒಗೆದರೆ ‘ಏನ ಸೊಕ್ಕು ಬಂತು’ ಎನ್ನುವ ಬದಲು ‘ಸಿಟ್ಟು ಬಂದೈತೋ, ಯಾರರ ಅವಮಾನ ಮಾಡಿದ್ರೋ?’ ಎಂದು ಕೇಳಿ ನೋಡಿ. ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯವೊಂದರಲ್ಲಿ 2007ರಲ್ಲಿ ನಡೆದ ಅಧ್ಯಯನದಲ್ಲಿ, ಭಾವನೆಗೆ ಶಬ್ದ ಹಚ್ಚಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗುವುದನ್ನು ಮೆದುಳಿನ ಚಿತ್ರಗಳಲ್ಲಿ ಕಂಡಿದ್ದಾರೆ. ಗಂಡುಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅವರಿಗೆ ನಾವು ಸಿಟ್ಟೊಂದನ್ನು ಬಿಟ್ಟು ಬೇರೆ ಭಾವನೆಗೆ ಪರವಾನಗಿ ಕೊಟ್ಟಿಲ್ಲ. ಅಂಜಿದ ಹುಡುಗನೂ ಸಿಟ್ಟನ್ನೇ ತೋರಿಸುತ್ತಾನೆ, ಇಲ್ಲವೇ ಹೊಟ್ಟೆ ಹಿಡಿದುಕೊಂಡು ನನ್ನ ಬಳಿಗೆ ಬರುತ್ತಾನೆ.

ಎರಡನೆಯದು, ನಿಮ್ಮ ತಪ್ಪುಗಳನ್ನು ಮಕ್ಕಳೆದುರು ಒಪ್ಪಿಕೊಳ್ಳಿ. ‘ಈ ಸಲ ಮೆಣಸಿನಕಾಯಿ ಮಾರಲು ಅವಸರ ಮಾಡಿದೆ, ನನ್ನ ಲೆಕ್ಕ ತಪ್ಪಿತು’ ಎಂದು ಊಟಕ್ಕೆ ಕುಳಿತಾಗ ತಂದೆ ಹೇಳಿದರೆ, ತಪ್ಪಿದ ಮೇಲೂ ಮನುಷ್ಯ ಮರ್ಯಾದೆಯಿಂದ ರೊಟ್ಟಿ ತಿನ್ನುತ್ತಾನೆ ಎಂಬುದನ್ನು ಮಗ ಕಣ್ಣಾರೆ ನೋಡುತ್ತಾನೆ. ಮಗ ತಪ್ಪಿದಾಗ ಕೆಲಸವನ್ನು ಬೈಯಿರಿ, ಮಗನನ್ನಲ್ಲ. ‘ಈ ಗಣಿತ ತಪ್ಪೈತಿ’ ಎಂಬುದು ಬೇರೆ, ‘ನೀ ಕತ್ತಿ’ ಎಂಬುದು ಬೇರೆ.

ಮಕ್ಕಳಿಗೆ ಗುಂಪಿನಲ್ಲಿ ಮಾಡುವ ಕೆಲಸವೊಂದು ಇರಲಿ. ಭಜನಾ ಮೇಳ, ಡೊಳ್ಳು, ಕಬಡ್ಡಿ, ಯಾವುದಾದರೂ ಸರಿ. ತಾಳ ತಪ್ಪಿದರೆ ಪಕ್ಕದವನು ಮೊಣಕೈಯಿಂದ ತಿವಿಯುತ್ತಾನೆ, ಮುಂದಿನ ಸಾಲಿಗೆ ಎಲ್ಲ ಸರಿಹೋಗುತ್ತದೆ. ಟ್ಯೂಷನ್ನಿಗೆ ಹೊತ್ತು ಸಾಲದು ಎಂದು ಮೊದಲು ಬಿಡಿಸುವುದು ಇದನ್ನೇ. ಹಾಡುವವರು ದೀರ್ಘವಾಗಿ ಉಸಿರು ಬಿಡುತ್ತ ಒಂದೇ ಸ್ವರ ಹಿಡಿಯುತ್ತಾರಲ್ಲ, ಅದರಲ್ಲಿ ಶರೀರಕ್ಕೂ ಲಾಭವಿದೆ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಟ್ಟಾಗ ಎದೆಬಡಿತ ತಗ್ಗುತ್ತದೆ. ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ: ನಾಲ್ಕು ಎಣಿಸುತ್ತ ಉಸಿರು ಎಳೆದುಕೋ, ಆರು ಎಣಿಸುತ್ತ ಬಿಡು, ಐದು ನಿಮಿಷ ಸಾಕು.

ಶರೀರವನ್ನು ಮರೆಯಬೇಡಿ. ‘ಮಗಳು ಮೊದಲಿನಂಗಿಲ್ಲ, ಓದಿನ ಮ್ಯಾಲ ಲಕ್ಷ್ಯ ಇಲ್ಲ, ಸಿಡಿಸಿಡಿ ಅಂತಾಳ’ ಎಂದು ಕರೆತಂದ ಎಷ್ಟೋ ಹುಡುಗಿಯರಲ್ಲಿ ನನಗೆ ಸಿಕ್ಕಿದ್ದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇಕಡಾ 59 ಜನರಿಗೆ ರಕ್ತಹೀನತೆಯಿದೆ. ಹುಡುಗರಲ್ಲಿಯೂ ಹತ್ತರಲ್ಲಿ ಮೂವರಿಗೆ ಇದೆ. ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಿರುವ ಹುಡುಗಿಗೆ ಏಕಾಗ್ರತೆಯ ಉಪದೇಶ ಮಾಡಿದರೆ ಏನು ಬಂತು? ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಗುಳಿಗೆಯನ್ನು ಊಟವಾದ ಮೇಲೆ ನುಂಗಲಿ, ಕಿಟಕಿಯಾಚೆ ಒಗೆಯದಿರಲಿ. ಜಂತುಹುಳದ ಗುಳಿಗೆ ವರ್ಷಕ್ಕೆ ಎರಡು ಸಲ. ಪುಂಡಿಪಲ್ಯ, ಮೆಂತ್ಯ, ಹೆಸರುಕಾಳಿನ ಪಲ್ಯದ ಜೊತೆ ಲಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಸೇರುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಸೇರುವುದಿಲ್ಲ. ದಡ್ಡನೆನಿಸಿಕೊಂಡ ಮಗುವಿನ ಕಣ್ಣು ಮತ್ತು ಕಿವಿಯ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ.

ನಿದ್ದೆಯ ಬಗೆಗೆ ಎಷ್ಟು ಹೇಳಿದರೂ ಕಡಿಮೆಯೇ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು. ಕಲಿತದ್ದು ಮೆದುಳಿನಲ್ಲಿ ನೆಲೆಯೂರುವುದು ನಿದ್ದೆಯಲ್ಲಿ. ನಿದ್ದೆಗೆಟ್ಟ ಮೆದುಳಿಗೆ ಸಿಟ್ಟು ಬೇಗ, ವಿವೇಕ ತಡ. ಮೊಬೈಲನ್ನು ರಾತ್ರಿ ಎಲ್ಲರೂ, ಎಂದರೆ ತಂದೆತಾಯಿಗಳೂ, ಒಂದೇ ಮಾಡಿನಲ್ಲಿ ಇಟ್ಟು ಮಲಗುವ ಪದ್ಧತಿ ಮಾಡಿಕೊಳ್ಳಿ.

ಎರಡು ವಾರಕ್ಕಿಂತ ಹೆಚ್ಚು ಕಾಲ ಮಗ ಮಂಕಾಗಿದ್ದರೆ, ಗೆಳೆಯರನ್ನು ಬಿಟ್ಟರೆ, ತೂಕ ಇಳಿದರೆ, ಬದುಕಿ ಏನು ಮಾಡುವುದು ಎಂಬಂಥ ಮಾತಾಡಿದರೆ ಉಪದೇಶ ಮಾಡುತ್ತ ಕೂಡಬೇಡಿ. ಅದು ರೋಗ, ಚಿಕಿತ್ಸೆಯಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ. ಊರಿನಿಂದಲೇ ಮಾತನಾಡಬೇಕೆಂದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು; ಕನ್ನಡದಲ್ಲಿಯೇ ಮಾತನಾಡುತ್ತಾರೆ. ಸಾಯುವ ಮಾತು ಬಂದಾಗ ಮಗನನ್ನು ಒಬ್ಬನೇ ಬಿಡಬೇಡಿ. ಹೊಲಕ್ಕೆಂದು ಮನೆಯಲ್ಲಿಟ್ಟ ಕೀಟನಾಶಕಗಳನ್ನು ಮೊದಲು ಬೇರೆ ಕಡೆ ಸಾಗಿಸಿ.

ಕುಬಿಹಾಳದ ಹುಡುಗನ ವಿಷಯ ಅಲ್ಲಿಯವರೆಗೆ ಹೋಗಿರಲಿಲ್ಲ. ಅವನಿಗೆ ಗುಳಿಗೆ ನಿಲ್ಲಿಸಿ, ವಾರಕ್ಕೊಮ್ಮೆ ಬಂದು ಮಾತಾಡು ಎಂದೆ. ತಂದೆಯ ಜೊತೆ ಮಾತಾಡುವುದು ಹೆಚ್ಚು ಕಷ್ಟವಾಯಿತು. ‘ಸಾಲ ಮಾಡಿ ಓದಿಸೀನ್ರಿ. ಊರಾಗ ಮಾರಿ ತೋರಸದಂಗ ಮಾಡ್ಯಾನ’ ಎಂದು ಅವರು ಕಣ್ಣೀರು ತೆಗೆದರು. ಅವರ ಸಂಕಟವೂ ಸುಳ್ಳಲ್ಲ. ಅವರಿಗೆ ಜೋಶಿ ಮಾಸ್ತರರ ಅಂಗಿಯ ಕಥೆ ಹೇಳಿದೆ. ಕೇಳಿ ಬಹಳ ಹೊತ್ತು ಸುಮ್ಮನಿದ್ದು, ‘ನಾವು ಏನ ಬರದೀವ್ರಿ ನಮ್ಮ ಮಕ್ಕಳ ಅಂಗಿ ಮ್ಯಾಲ, ಬರೇ ರೇಟ ಬರದೀವಿ’ ಎಂದರು. ನನಗೆ ಉತ್ತರ ಹೊಳೆಯಲಿಲ್ಲ.

ಆರು ತಿಂಗಳ ನಂತರ ಹುಡುಗ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿದ. ಬೆಂಗಳೂರಿಗಿಂತ ಪಗಾರ ಕಡಿಮೆ. ಕಳೆದ ತಿಂಗಳು ತಂದೆ ತಮ್ಮ ರಕ್ತದೊತ್ತಡ ತೋರಿಸಲು ಬಂದಿದ್ದರು. ಮಗ ಏನು ಮಾಡುತ್ತಾನೆ ಎಂದು ಕೇಳಿದೆ. ‘ಮೊನ್ನೆ ಮತ್ತ ತಪ್ಪ ಮಾಡಿ ಬೈಸಿಕೊಂಡನಂತ್ರಿ. ರಾತ್ರಿ ಫೋನ್ ಹಚ್ಚಿ ಅರ್ಧಾ ತಾಸು ಹೇಳಿದ. ನಾ ಏನೂ ಅನ್ನಲಿಲ್ರಿ, ಸುಮ್ಮನ ಕೇಳಿದೆ’ ಎಂದರು. ಮರುದಿನ ಕೆಲಸಕ್ಕೆ ಹೋದನೇ ಎಂದೆ. ‘ಹೋಗ್ಯಾನ್ರಿ’ ಎಂದರು. ಅವರ ರಕ್ತದೊತ್ತಡ 150/90 ಇತ್ತು. ಉಪ್ಪಿನಕಾಯಿ ಬಿಡಲು ಹೇಳಿ, ಎರಡು ವಾರ ಬಿಟ್ಟು ಬರಲು ಹೇಳಿ ಕಳಿಸಿದೆ.